ಓದು ಬಿಟ್ಟ ಅಕ್ಕಂದಿರಿಗೆ: ಹಸು ಮೆಲುಕು ಹಾಕುವ ಹೊತ್ತು ನಿಮ್ಮದು

– ಪಶುವೈದ್ಯಾಧಿಕಾರಿ, ಶಿರಾ ಗೇಟ್, ತುಮಕೂರು



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಗಬ್ಬ ನಿಲ್ಲದ ರಾಸು, ಹಸಿರು ಮೇವು ಇಂಥ ವಿಷಯಗಳನ್ನು ಓದುತ್ತೀರಿ. ಈ ಸಲದ ವಿಷಯ ರಾಸಿನದಲ್ಲ, ನಿಮ್ಮದು.

ಕೊಟ್ಟಿಗೆಯಲ್ಲಿ ಚಿಕಿತ್ಸೆ ಮುಗಿಸಿ ಔಷಧಿ ಚೀಟಿ ಬರೆದುಕೊಡುವಾಗ ನಾನು ಮತ್ತೆ ಮತ್ತೆ ಕೇಳುವ ಒಂದು ಮಾತಿದೆ. "ನಾನೂ ಹತ್ತನೇ ಕ್ಲಾಸ್ ಗಂಟ ಓದಿದ್ದೆ ಡಾಕ್ಟರಮ್ಮ. ಲೆಕ್ಕದಲ್ಲಿ ಹೋಯ್ತು. ಆಮೇಲೆ ಮದುವೆ ಮಾಡಿಬಿಟ್ರು." ಕೋರದ ಕಡೆ ಕೇಳಿದ್ದೇನೆ, ಗುಬ್ಬಿ ಕಡೆ ಕೇಳಿದ್ದೇನೆ, ಕುಣಿಗಲ್ ಕಡೆಯೂ ಕೇಳಿದ್ದೇನೆ. ಹೇಳುವವರ ವಯಸ್ಸು ಇಪ್ಪತ್ತೈದರಿಂದ ನಲವತ್ತೈದು. ಲೆಕ್ಕದಲ್ಲಿ ಹೋಯಿತು ಎನ್ನುವ ಅದೇ ಅಕ್ಕ ಹಸು ಬೆದೆಗೆ ಬಂದ ದಿನದಿಂದ ಇಪ್ಪತ್ತೊಂದು ದಿನವನ್ನು ಬೆರಳ ಮೇಲೆ ಎಣಿಸಿ, "ಮುಂದಿನ ಗುರುವಾರ ಮತ್ತೆ ನೋಡಬೇಕು" ಎನ್ನುತ್ತಾರೆ. ಡೈರಿ ಚೀಟಿಯಲ್ಲಿ ಫ್ಯಾಟ್ ಎರಡು ಪಾಯಿಂಟ್ ಇಳಿದರೆ ಬಟವಾಡೆಯಲ್ಲಿ ಎಷ್ಟು ಕಡಿಮೆ ಬರುತ್ತದೆ ಎಂದು ನನಗಿಂತ ಮೊದಲು ಹೇಳುತ್ತಾರೆ.

ಬಿಟ್ಟ ಓದನ್ನು ಮತ್ತೆ ಹಿಡಿಯಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ, ಹಿಡಿಯಬಹುದು. ವಯಸ್ಸಾದ ಮೇಲೆ ತಲೆಗೆ ಹತ್ತುವುದಿಲ್ಲ ಎನ್ನುವುದು ನಿಜವಾದ ತೊಡಕಲ್ಲ. ದಿನಕ್ಕೆ ಒಂದು ಗಂಟೆ ನಿಮ್ಮದೇ ಎಂದು ಮನೆಯವರು ಒಪ್ಪಬೇಕು, ಆ ಗಂಟೆಯನ್ನು ನೀವು ಕಾಪಾಡಿಕೊಳ್ಳಬೇಕು. ತೊಡಕಿರುವುದು ಅಲ್ಲಿ.

ಕೋರದ ಕಡೆಯ ಒಬ್ಬ ಅಕ್ಕ

ಇವರು ಹೆಸರು ಹಾಕಬೇಡಿ ಎಂದಿದ್ದಾರೆ. ಮೂವತ್ತನಾಲ್ಕು ವರ್ಷ, ಎರಡು ಸೀಮೆ ಹಸು, ಒಂದು ಪಡ್ಡೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಹೋಗಿತ್ತು. ಊರಿನ ಮಹಿಳಾ ಸಂಘದ ಕಾರ್ಯದರ್ಶಿ ಒಂದೆರಡು ವರ್ಷದಲ್ಲಿ ನಿವೃತ್ತರಾಗುತ್ತಾರೆಂದು ತಿಳಿದಾಗ ಇವರಿಗೆ ಆಸೆ ಹುಟ್ಟಿತು. ಹಾಲು ಪರೀಕ್ಷೆ ಗೊತ್ತು, ಲೆಕ್ಕ ಗೊತ್ತು, ಊರವರ ನಂಬಿಕೆ ಇದೆ. ಆದರೆ ಇಂಥ ಹುದ್ದೆಗೆ ಸಾಮಾನ್ಯವಾಗಿ ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕೆಂದು ಕೇಳುತ್ತಾರೆ.

ಮನೆಯಲ್ಲಿ ಹೇಳಿದಾಗ ಅತ್ತೆ, "ಈ ವಯಸ್ಸಲ್ಲಿ ಓದಿ ಯಾವ ಊರಿನ ಡಿ.ಸಿ. ಆಗ್ತೀಯವ್ವ?" ಎಂದರಂತೆ. ಗಂಡ ಬೇಡವೆನ್ನಲಿಲ್ಲ, ಸರಿಯೆಂದೂ ಹೇಳಲಿಲ್ಲ. ಒಂಬತ್ತನೇ ತರಗತಿಯಲ್ಲಿದ್ದ ಮಗಳು ಮಾತ್ರ ತನ್ನ ಪುಸ್ತಕ ತಂದು ಮುಂದಿಟ್ಟಳು.

ಮೊದಲ ಸಲ ಇಂಗ್ಲಿಷ್ ಪಾಸಾಯಿತು, ಗಣಿತ ಹೋಯಿತು. ಊರಿನಲ್ಲಿ ಕೆಲವರು ಆಡಿಕೊಂಡರು. ಡೈರಿಯ ಮುಂದೆ ಕ್ಯಾನ್ ಹಿಡಿದು ನಿಂತಾಗ "ಏನವ್ವ, ರಿಸಲ್ಟು?" ಎಂದು ಬೇಕೆಂದೇ ಕೇಳಿದವರಿದ್ದರು. ಒಂದು ವಾರ ಹಾಲನ್ನು ಮಗಳ ಕೈಲಿ ಕಳಿಸಿದರಂತೆ. ಆಮೇಲೆ ಮತ್ತೆ ಅರ್ಜಿ ಹಾಕಿ, ಮುಂದಿನ ಪರೀಕ್ಷೆಯಲ್ಲಿ ಗಣಿತವನ್ನೂ ಮುಗಿಸಿದರು.

ಕಾರ್ಯದರ್ಶಿ ಕೆಲಸ ಇವರಿಗೆ ಸಿಗಲಿಲ್ಲ, ಪದವಿ ಮುಗಿಸಿದ್ದ ಇನ್ನೊಬ್ಬರಿಗೆ ಹೋಯಿತು. ಅದನ್ನು ಮುಚ್ಚಿಡುವುದು ಸರಿಯಲ್ಲವೆಂದು ಇಲ್ಲಿ ಬರೆದಿದ್ದೇನೆ. ಪಾಸಾದ ಮಾತ್ರಕ್ಕೆ ಕೆಲಸ ಮನೆ ಬಾಗಿಲಿಗೆ ಬರುವುದಿಲ್ಲ. ಆದರೆ ಇವರು ಓದು ನಿಲ್ಲಿಸಲಿಲ್ಲ. ಈಗ ದ್ವಿತೀಯ ಪಿಯುಸಿ ಕಲಾ ವಿಭಾಗಕ್ಕೆ ಕಟ್ಟಿದ್ದಾರೆ, ಅದಾದ ಮೇಲೆ ಬಿ.ಎ. ಎನ್ನುತ್ತಾರೆ. ಕಳೆದ ಸರ್ವಸದಸ್ಯರ ಸಭೆಯಲ್ಲಿ ಜಮಾ–ಖರ್ಚಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಬೋನಸ್ಸಿನ ಲೆಕ್ಕ ಹೇಗೆ ಬಂತು ಎಂದು ಎದ್ದು ನಿಂತು ಕೇಳಿದರಂತೆ. ಕೇಳಿದ್ದಕ್ಕೆ ಉತ್ತರವೂ ಬಂತು. "ಅವತ್ತು ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ರು" ಎಂದು ಹೇಳಿ ನಕ್ಕರು.

ಇವರು ಒಬ್ಬರೇ ಅಲ್ಲ

ನಮ್ಮ ನಾಡಿನಲ್ಲಿ ದುಡಿಯುತ್ತಲೇ ಓದಿದ ಹೆಂಗಸರ ದೊಡ್ಡ ಸಾಲೇ ಇದೆ. ಕಲಬುರಗಿಯ ಗೀತಾ ನಾಗಭೂಷಣ ಅವರನ್ನೇ ನೋಡಿ. 1942ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದವರು, ತಂದೆ ಬಟ್ಟೆ ಗಿರಣಿಯ ಕಾರ್ಮಿಕ. ಮೆಟ್ರಿಕ್ ಮುಗಿದ ಮೇಲೆ ಕಚೇರಿಯಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿ, ದುಡಿಯುತ್ತಲೇ ಪದವಿ ಮುಗಿಸಿ ಶಿಕ್ಷಕಿಯಾದರು. ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಬರಹಗಾರ್ತಿಯೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. 2010ರಲ್ಲಿ ಗದಗದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು.

ವಯಸ್ಸಿನ ಮಾತು ಬಂದರೆ ಪಕ್ಕದ ಕೇರಳದ ಕಾರ್ತ್ಯಾಯಿನಿ ಅಮ್ಮನವರನ್ನು ನೆನೆಯಬೇಕು. 2018ರಲ್ಲಿ ತಮ್ಮ 96ನೇ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ಅಂಕ ತೆಗೆದರು. 2020ರ ಮಾರ್ಚ್‌ನಲ್ಲಿ ರಾಷ್ಟ್ರಪತಿಗಳಿಂದ ನಾರಿ ಶಕ್ತಿ ಪುರಸ್ಕಾರ ಪಡೆದರು. ಅವರ ಮುಂದೆ ನಮ್ಮ ಮೂವತ್ತೈದು, ನಲವತ್ತು ಯಾವ ಲೆಕ್ಕ?

ಕೊಟ್ಟಿಗೆಯಲ್ಲೇ ಇರುವ ಪಾಠ

"ಗಣಿತ ಅಂದ್ರೆ ಭಯ" ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪಶು ಆಹಾರದ ಬಗ್ಗೆ ನಾವು ಸಾಮಾನ್ಯವಾಗಿ ಹೇಳುವ ಲೆಕ್ಕ ಇದು: ಹಸುವಿನ ಮೈಗೆಂದು ಒಂದೂವರೆ ಕೆ.ಜಿ., ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ಹತ್ತು ಲೀಟರ್ ಕೊಡುವ ಹಸುವಿಗೆ ಎಷ್ಟು? ಹತ್ತನ್ನು ಎರಡೂವರೆಯಿಂದ ಭಾಗಿಸಿದರೆ 4, ಅದಕ್ಕೆ ಒಂದೂವರೆ ಸೇರಿಸಿದರೆ 5.5 ಕೆ.ಜಿ. ಈಗ ತಿರುಗಿಸಿ ಕೇಳುತ್ತೇನೆ. ನೀವು ದಿನಕ್ಕೆ 7.5 ಕೆ.ಜಿ. ಹಾಕುತ್ತಿದ್ದೀರಿ ಅನ್ನಿ. ಅದು ಎಷ್ಟು ಲೀಟರ್ ಹಾಲಿನ ಹಸುವಿಗೆ ಸರಿಯಾದ ಲೆಕ್ಕ? 7.5ರಲ್ಲಿ 1.5 ಕಳೆದರೆ 6, ಅದನ್ನು ಎರಡೂವರೆಯಿಂದ ಗುಣಿಸಿದರೆ 15 ಲೀಟರ್. ಹಸು ಕೊಡುತ್ತಿರುವುದು ಹತ್ತೇ ಲೀಟರ್ ಆದರೆ ದಿನಕ್ಕೆ ಎರಡು ಕೆ.ಜಿ. ಫೀಡ್ ದಂಡ. ಹಾಲಿನ ಅಳತೆಯ ಜಾಗದಲ್ಲಿ x ಎಂದು ಬರೆದರೆ ಇದೇ ಶಾಲೆಯ ಬೀಜಗಣಿತ. ನಿಮಗೆ ಹೊಸದಾಗಿರುವುದು ಆ x ಒಂದೇ.

ಇನ್ನೊಂದು. ಒಂದು ವಾರ ಬೆಳಗಿನ ಹಾಲು ಹೀಗಿತ್ತು ಅನ್ನಿ: 9, 10, 8, 10, 11, 10, 5 ಲೀಟರ್. ಒಟ್ಟು 63. ಏಳು ದಿನಕ್ಕೆ ಭಾಗಿಸಿದರೆ ಸರಾಸರಿ 9. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದರೆ ಸರಿಯಾಗಿ ನಡುವೆ ನಿಲ್ಲುವುದು 10, ಅದು ಮಧ್ಯಾಂಕ. ಹೆಚ್ಚು ಸಲ ಬಂದದ್ದೂ 10, ಅದು ಬಹುಲಕ. ಎರಡೂ 10 ಇರುವಾಗ ಸರಾಸರಿ ಮಾತ್ರ 9ಕ್ಕೆ ಇಳಿದದ್ದೇಕೆ? ಆ ಒಂದು ದಿನದ 5 ಲೀಟರ್ ಅದನ್ನು ಕೆಳಕ್ಕೆಳೆಯಿತು. ಅವತ್ತು ಹಸುವಿಗೆ ಜ್ವರವಿತ್ತೋ, ಬೆದೆಗೆ ಬಂದಿತ್ತೋ, ನಿಮಗೆ ಗೊತ್ತು. ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಪಾಠದಲ್ಲಿ ಕೇಳುವುದು ಈ ಮೂರನ್ನೇ. ನಿಮ್ಮ ಡೈರಿ ಚೀಟಿಗಳನ್ನೇ ಇಟ್ಟುಕೊಂಡು ಅಭ್ಯಾಸ ಮಾಡಿ.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲಗಳ ಪಾಠದ ಕೊನೆಗೆ ಒಂದು ಪ್ರಶ್ನೆ ಇದೆ: ಹಾಲು ಮಾರುವವನು ತಾಜಾ ಹಾಲಿಗೆ ಚಿಟಿಕೆ ಅಡುಗೆ ಸೋಡಾ ಹಾಕುವುದೇಕೆ? ಹಾಲು ಬೇಗ ಹುಳಿಯಾಗದಿರಲಿ ಎಂದು. ಸೋಡಾ ಹಾಕಿದರೆ ಹಾಲು ಸ್ವಲ್ಪ ಪ್ರತ್ಯಾಮ್ಲೀಯವಾಗುತ್ತದೆ, ಹುಳಿಯಾಗಲು ಹೆಚ್ಚು ಹೊತ್ತು ಬೇಕು. ನಮ್ಮ ಕಸುಬಿನಲ್ಲಿ ಇದಕ್ಕೆ ಕಲಬೆರಕೆ ಎಂಬ ಹೆಸರಿದೆ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಹಾಲು ವಾಪಸ್. ಪಟ್ಟಣದ ಮಕ್ಕಳು ಬಾಯಿಪಾಠ ಮಾಡುವ ಈ ಉತ್ತರ ನಿಮಗೆ ಅನುಭವದಿಂದಲೇ ಗೊತ್ತಿದೆ.

ಇಂಗ್ಲಿಷ್ ಏಕೆ ಬೇಕು ಎಂದು ಕೇಳುವವರು ಔಷಧಿಯ ಬಾಟಲಿ ತಿರುಗಿಸಿ ನೋಡಿ. ಆಂಟಿಬಯೋಟಿಕ್ ಕೊಟ್ಟ ಮೇಲೆ ಎಷ್ಟು ದಿನ ಆ ಹಸುವಿನ ಹಾಲನ್ನು ಡೈರಿಗೆ ಹಾಕಬಾರದು ಎಂಬುದು ಅದರಲ್ಲಿ ಬಹಳ ಸಲ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ನಾನು ಹೇಳಿ ಹೋಗುತ್ತೇನೆ, ನಿಜ. ಮರೆತಾಗ ನೀವೇ ಓದಿಕೊಳ್ಳುವಂತಿದ್ದರೆ ಹಾಲಿಗೂ ಒಳ್ಳೆಯದು, ಕುಡಿಯುವ ಮಕ್ಕಳಿಗೂ ಒಳ್ಳೆಯದು.

ಓದುವುದು ಹೇಗೆ? ಹಸುವನ್ನು ನೋಡಿ

ಹಸು ಮೇವನ್ನು ಗಬಗಬನೆ ತಿಂದು ಮೊದಲ ಹೊಟ್ಟೆಗೆ ತುಂಬಿಕೊಳ್ಳುತ್ತದೆ. ಆಮೇಲೆ ಮಲಗಿ, ಉಂಡೆ ಉಂಡೆಯಾಗಿ ಬಾಯಿಗೆ ತಂದು ಮೆಲುಕು ಹಾಕುತ್ತದೆ. ಆರೋಗ್ಯವಾಗಿರುವ ಹಸು ದಿನಕ್ಕೆ ಸುಮಾರು ಏಳೆಂಟು ಗಂಟೆ ಇದನ್ನೇ ಮಾಡುತ್ತದೆ. ಮೆಲುಕು ನಿಂತರೆ ನೀವು ನನಗೆ ಫೋನ್ ಮಾಡುತ್ತೀರಿ. ತಿಂದದ್ದು ಮೈಗೆ ಹತ್ತಬೇಕಾದರೆ ಮೆಲುಕು ಬೇಕೇ ಬೇಕು ಎಂದು ನಿಮಗೆ ಗೊತ್ತು.

ಓದಿಗೂ ಇದೇ ನಿಯಮ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದ್ದು ಇದನ್ನು: ಕಲಿತದ್ದರಲ್ಲಿ ಹೆಚ್ಚು ಪಾಲು ಮರೆತುಹೋಗುವುದು ಮೊದಲ ಕೆಲವು ಗಂಟೆಗಳಲ್ಲಿ. ಬಿಟ್ಟು ಬಿಟ್ಟು ಮತ್ತೆ ನೆನಪಿಸಿಕೊಂಡರೆ ಅದು ಉಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಐದು ಗಂಟೆ ಕೂತು ಓದುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ಓದಿ, ಉಳಿದ ಹೊತ್ತು ಮನಸ್ಸಿನಲ್ಲೇ ಮೆಲುಕು ಹಾಕುವುದು ಹೆಚ್ಚು ಫಲ ಕೊಡುತ್ತದೆ. ಹುಲ್ಲು ಕೊಯ್ಯುವಾಗ, ಹಾಲು ಕರೆಯುವಾಗ, ಡೈರಿಯಲ್ಲಿ ಸರದಿ ಕಾಯುವಾಗ ಮೆಲುಕು ಹಾಕಲು ಪುಸ್ತಕ ಬೇಕಿಲ್ಲ.

ಕೋರದ ಅಕ್ಕ ಪಾಲಿಸಿದ ದಿನಚರಿ ಇದು:

• ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ ಓದು. ಹಸುಗಳು ನೆರಳಲ್ಲಿ ಮಲಗಿ ಮೆಲುಕು ಹಾಕುವ ಹೊತ್ತು ಅದು. ಆಗ ಕೊಟ್ಟಿಗೆಯಲ್ಲಿ ಕೆಲಸವಿಲ್ಲ.

• ಸಂಜೆ ಹಾಲು ಕರೆಯುವಾಗ ಮಧ್ಯಾಹ್ನ ಓದಿದ್ದನ್ನು ಪುಸ್ತಕ ನೋಡದೆ ನೆನಪಿಸಿಕೊಳ್ಳುವುದು. ನೆನಪಾಗದ್ದನ್ನು ರಾತ್ರಿ ಹತ್ತು ನಿಮಿಷ ತೆರೆದು ನೋಡುವುದು.

• ಭಾನುವಾರ ಹೊಸ ಪಾಠವಿಲ್ಲ. ಮಗಳು ಪ್ರಶ್ನೆ ಕೇಳುವುದು, ಅಮ್ಮ ಉತ್ತರ ಹೇಳುವುದು. ಆಮೇಲೆ ಮಗಳ ಸರದಿ.

• ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆಯುವುದು. ವರ್ಷಗಟ್ಟಲೆ ಪೆನ್ನು ಹಿಡಿಯದ ಕೈ ಅರ್ಧ ಗಂಟೆಗೇ ನೋಯುತ್ತದೆ. ಮೂರು ಗಂಟೆ ಬರೆಯುವ ರೂಢಿ ಬೇಕು.

ಮನೆಗೆ ನೆಂಟರು ಬಂದಾಗ, ಹಬ್ಬದಲ್ಲಿ, ರಾಗಿ ಕೊಯ್ಲಿನಲ್ಲಿ ಇದು ತಪ್ಪುತ್ತದೆ. ತಪ್ಪಿದರೆ ಮರುದಿನ ಮತ್ತೆ ಒಂದೂವರೆಗೆ ಕೂರುವುದು, ಅಷ್ಟೆ. ಒಂದು ಹೊತ್ತು ಹಾಲು ಕರೆಯುವುದು ತಡವಾಯಿತೆಂದು ಯಾರೂ ಹಸು ಮಾರುವುದಿಲ್ಲವಲ್ಲ.

ಈಯುವ ದಿನ, ಪರೀಕ್ಷೆಯ ದಿನ

ಇದನ್ನು ಶಾಲೆಯ ಮೇಷ್ಟ್ರು ಹೇಳುವುದಿಲ್ಲ, ನಾನು ಹೇಳಬೇಕು. ಹಸುವಿನ ಗರ್ಭದ ಅವಧಿ ಸುಮಾರು 280 ದಿನ. ಜೂನ್ 15ಕ್ಕೆ ಕೃತಕ ಗರ್ಭಧಾರಣೆ ಮಾಡಿಸಿ ಕಟ್ಟಿದರೆ ಹೆಚ್ಚುಕಡಿಮೆ ಮಾರ್ಚ್ 22ಕ್ಕೆ ಈಯುತ್ತದೆ. ಎಸ್‌ಎಸ್‌ಎಲ್‌ಸಿಯ ಮೊದಲ ಪರೀಕ್ಷೆ ನಡೆಯುವುದೂ ಮಾರ್ಚ್–ಏಪ್ರಿಲ್‌ನಲ್ಲೇ. ಹಾಗೆಂದು ಗರ್ಭಧಾರಣೆ ಮುಂದೂಡಬೇಡಿ, ಬರಡು ದಿನ ಹೆಚ್ಚಾದರೆ ನಷ್ಟ ನಿಮಗೇ. ಗರ್ಭ ಕಟ್ಟಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ, ಈಯುವ ವಾರವೂ ಪರೀಕ್ಷೆಯ ವಾರವೂ ಒಂದೇ ಆಗುವಂತಿದ್ದರೆ ಆ ದಿನ ಕೊಟ್ಟಿಗೆ ಯಾರು ನೋಡಿಕೊಳ್ಳುತ್ತಾರೆ ಎಂದು ಎರಡು ತಿಂಗಳು ಮೊದಲೇ ಮಾತಾಡಿಕೊಳ್ಳಿ. ಗಬ್ಬದ ಹಸುವಿನ ಹಾಲು ಬತ್ತಿಸುವುದೂ ಆ ಹೊತ್ತಿಗೇ, ಹಾಗಾಗಿ ಮರೆಯುವ ಭಯವಿಲ್ಲ.

ಯಾರಿಗೆ ಯಾವ ದಾರಿ?

ಎಸ್‌ಎಸ್‌ಎಲ್‌ಸಿ ಹೋದವರು: ಹಳೆಯ ಅಂಕಪಟ್ಟಿ ಹುಡುಕಿ, ನೀವು ಓದಿದ ಪ್ರೌಢಶಾಲೆಗೆ ಹೋಗಿ. ಯಾವ ವರ್ಷ ಬರೆದಿದ್ದಿರಿ ಎಂಬುದನ್ನು ನೋಡಿ, ಹೋದ ವಿಷಯಗಳನ್ನಷ್ಟೇ ಬರೆಯಬೇಕೇ ಎಂದು ಮುಖ್ಯೋಪಾಧ್ಯಾಯರು ಹೇಳುತ್ತಾರೆ. ಪರೀಕ್ಷೆ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಹೋದರೆ ಇಡೀ ವರ್ಷ ಕಾಯಬೇಕಿಲ್ಲ.

ಹೈಸ್ಕೂಲ್ ನಡುವೆ ಬಿಟ್ಟವರು: ಶಾಲೆಗೆ ಸೇರದೆ ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟುವ ಅವಕಾಶವಿದೆ. ಇನ್ನೊಂದು ದಾರಿ 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್. ಇಲ್ಲಿ ಐದು ವಿಷಯಗಳು, ಮುಗಿಸಲು ಐದು ವರ್ಷ. ಒಂದೊಂದೇ ವಿಷಯ ಪಾಸಾಗುತ್ತಾ ಹೋಗಬಹುದು. ಯಾವ ಭಾಷೆಯಲ್ಲಿ ಪುಸ್ತಕ ಸಿಗುತ್ತದೆ, ಯಾವ ಭಾಷೆಯಲ್ಲಿ ಬರೆಯಬಹುದು ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಿ.

ಎಸ್‌ಎಸ್‌ಎಲ್‌ಸಿ ಆದವರು: ಕಲಾ, ವಾಣಿಜ್ಯ ವಿಭಾಗಗಳಲ್ಲಿ ದ್ವಿತೀಯ ಪಿಯುಸಿಯನ್ನು ಖಾಸಗಿಯಾಗಿ ಕಟ್ಟಬಹುದು. ಹತ್ತಿರದ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ವಿಚಾರಿಸಿ.

ಪಿಯುಸಿ ಆದವರು: ಮನೆಯಲ್ಲಿದ್ದೇ ಪದವಿ ಓದಲು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣವಾಗಿ ಆರಂಭವಾಗಿ, 1996ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ತುಮಕೂರಿನಲ್ಲೇ ಅದರ ಪ್ರಾದೇಶಿಕ ಕೇಂದ್ರವಿದೆ, ಅರ್ಜಿಗೆಂದು ಮೈಸೂರಿಗೆ ಓಡಾಡಬೇಕಿಲ್ಲ. 1985ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಇನ್ನೊಂದು ದಾರಿ.

ಓಡಾಟದ ಖರ್ಚಿನ ಚಿಂತೆ ಈಗ ಕಡಿಮೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಬೆಳಗಿನ ಹಾಲು ಹಾಕಿ ಬಸ್ಸು ಹತ್ತಿ ಶಿರಾ ಗೇಟ್‌ನಲ್ಲಿ ಇಳಿದರೆ, ಕೆಲಸ ಮುಗಿಸಿಕೊಂಡು ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬಹುದು.

ಮೂರು ಎಚ್ಚರಿಕೆಗಳು

ಒಂದು, ಹೆಸರು. ಮದುವೆಯ ಮುಂಚೆ ಶಾಲೆಯ ದಾಖಲೆಯಲ್ಲಿ ತಂದೆಯ ಇನಿಷಿಯಲ್, ಮದುವೆಯ ನಂತರ ಆಧಾರ್‌ನಲ್ಲಿ ಗಂಡನ ಹೆಸರು. ಎರಡೂ ಬೇರೆ ಬೇರೆ ಇದ್ದರೆ ಅರ್ಜಿಯ ಹೊತ್ತಿನಲ್ಲಿ ಅಲೆದಾಟ ಶುರುವಾಗುತ್ತದೆ. ಕೊನೆಯ ದಿನದವರೆಗೆ ಕಾಯದೆ ಮೊದಲೇ ತೋರಿಸಿ ಸರಿಮಾಡಿಕೊಳ್ಳಿ. ಅಂಕಪಟ್ಟಿ ಕಳೆದಿದ್ದರೆ ನಕಲು ಪ್ರತಿಗೆ ನೀವು ಓದಿದ ಶಾಲೆಯಲ್ಲೇ ವಿಚಾರಿಸಿ.

ಎರಡು, ಮೋಸ. "ಒಂದೇ ವರ್ಷದಲ್ಲಿ ಡಿಗ್ರಿ", "ಪರೀಕ್ಷೆ ಬರೆಯದೆ ಪಾಸ್" ಎಂದು ಗೋಡೆಯ ಮೇಲೆ, ಮೊಬೈಲಿನಲ್ಲಿ ಬರುವ ಜಾಹೀರಾತು ನಂಬಬೇಡಿ. ದೂರಶಿಕ್ಷಣದಲ್ಲಿ ಪದವಿ ಕೊಡಲು ಯುಜಿಸಿ ಮಾನ್ಯತೆ ಬೇಕು. ಮಾನ್ಯತೆ ಇದೆಯೇ ಎಂದು ಯುಜಿಸಿ ಜಾಲತಾಣದಲ್ಲಿ ಮಕ್ಕಳಿಂದ ನೋಡಿಸಿ, ಆಮೇಲೆ ಹಣ ಕಟ್ಟಿ.

ಮೂರು, ನಿಮ್ಮ ಆರೋಗ್ಯ. ಬೆಳಗ್ಗೆ ಐದಕ್ಕೆ ಏಳುವವರು ರಾತ್ರಿ ಹನ್ನೆರಡರವರೆಗೆ ಓದಿದರೆ ಹದಿನೈದು ದಿನಕ್ಕೆ ಸುಸ್ತಾಗಿ ಬಿಟ್ಟುಬಿಡುತ್ತೀರಿ. ನಿದ್ದೆ ಕದ್ದು ಓದಬೇಡಿ, ಯಾವುದಾದರೂ ಒಂದು ಕೆಲಸವನ್ನು ಮನೆಯವರಿಗೆ ಬಿಟ್ಟುಕೊಡಿ.

ಮನೆಯವರಿಗೂ ಒಂದು ಮಾತು

ಈ ಸಂಚಿಕೆ ಮನೆಯ ಗಂಡಸರ ಕೈಗೂ, ಅತ್ತೆಯಂದಿರ ಕೈಗೂ ಸಿಗುತ್ತದೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಸೊಸೆ ಓದಲು ಕೂತ ಒಂದು ಗಂಟೆಯಲ್ಲಿ ನೀರು ಕೇಳಬೇಡಿ, ಕಾಫಿ ಕೇಳಬೇಡಿ. ಮಧ್ಯಾಹ್ನದ ಪಾತ್ರೆಯನ್ನು ವಾರದಲ್ಲಿ ನಾಲ್ಕು ದಿನ ಬೇರೆಯವರು ತೊಳೆದರೆ ಆ ಗಂಟೆ ಸಿಗುತ್ತದೆ. ಕೋರದ ಮನೆಯಲ್ಲಿ ಕೊನೆಗೆ ಆದದ್ದೂ ಅದೇ. ಮೊದಲ ಸಲ ಗಣಿತ ಹೋದಾಗ ಸೊಸೆ ಪುಸ್ತಕವನ್ನು ಅಟ್ಟದ ಮೇಲೆ ಇಟ್ಟುಬಿಟ್ಟಿದ್ದರು. ಕೆಳಗೆ ತೆಗೆದುಕೊಟ್ಟವರು ಆ ಅತ್ತೆಯೇ. "ಎಲ್ಲರ ಮುಂದೆ ಓದ್ತೀನಿ ಅಂತ ಹೇಳಾಯ್ತು, ಈಗ ಮುಗಿಸು" ಎಂದರಂತೆ. ಅವತ್ತಿನಿಂದ ಒಂದೂವರೆ ಗಂಟೆಗೆ ಹಸುಗಳಿಗೆ ನೀರು ತೋರಿಸುವ ಕೆಲಸ ಅವರೇ ವಹಿಸಿಕೊಂಡಿದ್ದಾರೆ.

ಮನೆಯ ಟ್ರಂಕಿನಲ್ಲಿ ಹಳೆಯ ಅಂಕಪಟ್ಟಿ ಇದ್ದರೆ ಈ ವಾರವೇ ಹುಡುಕಿ ತೆಗೆದಿಡಿ. ಜೊತೆಗೆ ಆಧಾರ್, ವರ್ಗಾವಣೆ ಪತ್ರ, ನಾಲ್ಕು ಫೋಟೋ. ನಿಮ್ಮ ಸಂಘದಲ್ಲಿ ಓದು ಬಿಟ್ಟವರು ಇನ್ನೂ ಇಬ್ಬರಿದ್ದರೆ ಮೂವರೂ ಸೇರಿ ಹೋಗಿ. ಒಬ್ಬರೇ ಹೋಗಿ ಕೇಳುವುದಕ್ಕಿಂತ ಮೂವರು ಹೋಗಿ ಕೇಳುವುದು ಸುಲಭ, ಊರಿನವರು ಆಡಿಕೊಳ್ಳುವುದೂ ಕಡಿಮೆ. ನಿಮ್ಮ ಊರಿಗೆ ಬಂದಾಗ ಅರ್ಜಿ ತುಂಬುವುದರಲ್ಲಿ ಸಂದೇಹವಿದ್ದರೆ ಕೇಳಿ. ರಾಸು ನೋಡಿದ ಮೇಲೆ ಅದನ್ನೂ ನೋಡೋಣ.